ಪ್ರಾಂಶುಪಾಲರ ಪಾತ್ರ ಮಾಡಿದ ವಿದ್ಯಾರ್ಥಿನಿಯ ಬಗ್ಗೆ ಪ್ರಾಂಶುಪಾಲರಿಗೆ

ಮಾನ್ಯ ಅಸಲಿ ಪ್ರಾಂಶುಪಾಲರೇ,

ತಮ್ಮ ಕಾಲೇಜಿನ ನೋಟಿಸ್ ಬೋರ್ಡಿಗೆ ಕಳೆದ ಶುಕ್ರವಾರ ಮಧ್ಯಾಹ್ನ ಒಂದು ನೋಟಿಸ್ ಅಂಟಿಸಲಾಗಿದೆ. ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ‘ಪ್ರಾಂಶುಪಾಲರ ಅಧಿಕಾರವನ್ನು ಅನಧಿಕೃತವಾಗಿ ಚಲಾಯಿಸಿ ಕಾಲೇಜಿನ ಆಡಳಿತದಲ್ಲಿ ಬದಲಾವಣೆಗಳನ್ನು ಉಂಟುಮಾಡಿರುವ’ ಕಾರಣಕ್ಕೆ, ವಿಚಾರಣೆ ಮುಗಿಯುವವರೆಗೆ ಆಕೆಯ ಹಾಲ್ ಟಿಕೆಟ್ ತಡೆಹಿಡಿಯಲಾಗಿದೆ ಎಂಬುದು ಅದರ ಸಾರ. ಅಂತಿಮ ಪರೀಕ್ಷೆ ಬರುವ ಸೋಮವಾರ ಶುರು. ಅಷ್ಟರಲ್ಲಿ ಹಾಲ್ ಟಿಕೆಟ್ ಕೈಗೆ ಬರದಿದ್ದರೆ ಆಕೆಯ ಒಂದು ವರ್ಷ ಹೋಯಿತು.

ಈ ಸುದ್ದಿಯನ್ನು ನನಗೆ ತಿಳಿಸಿದವರು ಆಕೆಯ ತಾಯಿ. ಅವರು ಸಿಟಿ ಬಸ್ಸಿನ ಕಂಡಕ್ಟರ್. ನಾನು ದಿನಾ ಹೋಗುವ ಬಸ್ಸಿನ ಈ ಕಂಡಕ್ಟರ್ ಆಕೆಯ ತಾಯಿಯೆಂದು ನನಗೆ ಮೊನ್ನೆಯವರೆಗೂ ಗೊತ್ತಿರಲಿಲ್ಲ. ಟಿಕೆಟ್ ಕೊಡುವ ಬದಲು ಅವರು ನನ್ನ ಸೀಟಿನ ಕಂಬಿಗೆ ಒರಗಿ ನಿಂತರು.

“ಕಾಲೇಜಲ್ಲಿ ಅಣಕು ಸಭೆ ಮಾಡಿದ್ರಲ್ಲ, ಅದಕ್ಕೆ ಜಡ್ಜಾಗಿ ಬಂದಿದ್ದೋರು ನೀವೇ ತಾನೆ?”

ಹೌದೆಂದೆ.

“ನನ್ ಮಗಳಿಗೆ ಸೆಕೆಂಡ್ ಪ್ರೈಜ್ ಕೊಟ್ರಿ. ಅದಕ್ಕೇ ಹಾಲ್ ಟಿಕೆಟ್ ಕಿತ್ಕೊಂಡ್ರು. ಫಸ್ಟ್ ಕೊಟ್ಟಿದ್ರೆ ಜೈಲಿಗೇ ಹಾಕ್ತಿದ್ರೋ ಏನೋ.”

ಬಸ್ಸಿನಲ್ಲಿದ್ದ ಅರ್ಧ ಜನ ನಕ್ಕರು. ಅವರು ನಗಲಿಲ್ಲ. “ಆದೇಶ ಮಾಡಿದಳಂತೆ. ಮಾಡ್ತಾಳೆ ಸಾರ್, ಮನೇಲೂ ಮಾಡ್ತಾಳೆ. ಅವಳ ಅಪ್ಪ ಇವತ್ತಿನವರೆಗೂ ಪಾಲಿಸ್ಕೊಂಡೇ ಬಂದಿದಾರೆ. ನಾವೇನು ಅಡುಗೆಮನೆ ಬಾಗಿಲಿಗೆ ನೋಟಿಸ್ ಅಂಟಿಸಿದೀವಾ? ತಗೊಳ್ಳಿ ಟಿಕೆಟ್ಟು. ನಿಮ್ಮ ಸ್ಟಾಪ್ ಬಂತು, ಇಳೀರಿ. ಇಳಿದ ಮೇಲೆ ಸುಮ್ನೆ ಕೂತ್ಕೋಬೇಡಿ.”

ಇಳಿದೆ. ಸುಮ್ಮನೆ ಕೂತಿಲ್ಲ. ಆದ್ದರಿಂದ ಈ ಪತ್ರ.

ನನ್ನನ್ನು ಆ ಸ್ಪರ್ಧೆಗೆ ತೀರ್ಪುಗಾರನಾಗಿ ಕರೆದದ್ದು ತಮ್ಮ ಕಾಲೇಜೇ. ಬಹಳ ವರ್ಷ ಪತ್ರಿಕೆಯೊಂದಕ್ಕೆ ನಗರಸಭೆಯ ಸಭೆಗಳನ್ನು ವರದಿ ಮಾಡಿದವನಾದ್ದರಿಂದ ಸಭೆ ಎಂದರೆ ಏನೆಂದು ಗೊತ್ತಿರಬಹುದು ಎಂದು ಯಾರೋ ಊಹಿಸಿದ್ದರು. ಊಹೆ ತಪ್ಪಲ್ಲ. ಕುರ್ಚಿ ಎತ್ತಿ ಎಸೆದ ಸಭೆಗಳನ್ನೂ, ಎಸೆಯಲು ಕುರ್ಚಿಯೇ ಸಾಕಾಗದ ಸಭೆಗಳನ್ನೂ ನೋಡಿದ್ದೇನೆ. ಆದರೆ ತಮ್ಮ ವಿದ್ಯಾರ್ಥಿ ಸಂಘದಂಥ ಸಂಸ್ಥೆಯನ್ನು ಮಾತ್ರ ಇದೇ ಮೊದಲು ನೋಡುತ್ತಿರುವುದು.

ಅದರ ಬೈಲಾ ಗುಟ್ಟಿನದಲ್ಲ. ಕಾಲೇಜಿನ ಕೈಪಿಡಿಯ ಹಿಂಭಾಗದಲ್ಲಿ, ಸೈಕಲ್ ನಿಲ್ಲಿಸುವ ನಿಯಮಗಳ ಕೆಳಗೆ ಅಚ್ಚಾಗಿದೆ. ಪ್ರತಿ ವರ್ಷ ಚುನಾವಣೆ ನಡೆಯುತ್ತದೆ. ವಿದ್ಯಾರ್ಥಿಗಳು ಆರಿಸಬಹುದಾದ ಅತಿ ದೊಡ್ಡ ಹುದ್ದೆ ಕಾರ್ಯದರ್ಶಿಯದು. ಅಧ್ಯಕ್ಷರನ್ನು ಆರಿಸುವ ತೊಂದರೆಯನ್ನು ಕಾಲೇಜು ಅವರಿಗೆ ಕೊಟ್ಟಿಲ್ಲ. ಪ್ರಾಂಶುಪಾಲರೇ ಪದನಿಮಿತ್ತ ಅಧ್ಯಕ್ಷರು. ಅಂದರೆ ತಾವು. ಸಂಘದ ಸಭೆ ಕರೆಯಲು ಪ್ರಾಂಶುಪಾಲರ ಲಿಖಿತ ಅನುಮತಿ ಬೇಕು. ಸಭೆ ನಡೆಯುವಾಗ ಸಲಹೆಗಾರ ಅಧ್ಯಾಪಕರೊಬ್ಬರು ಹಾಜರಿರಬೇಕು, ಅವರನ್ನು ನೇಮಿಸುವವರು ಪ್ರಾಂಶುಪಾಲರು. ಸಂಘಕ್ಕೆ ಏನಾದರೂ ಬೇಡಿಕೆ ಇದ್ದರೆ ಪ್ರಾಂಶುಪಾಲರಿಗೆ ಸಲ್ಲಿಸಬಹುದು; ಅದರ ಮೇಲೆ ಸಂಘದ ಅಧ್ಯಕ್ಷರ ಸಹಿ ಇರಬೇಕು.

ಇದನ್ನು ನಿಧಾನವಾಗಿ ಮತ್ತೊಮ್ಮೆ ಓದಿಕೊಂಡೆ. ತಮ್ಮ ಕಾಲೇಜಿನ ವಿದ್ಯಾರ್ಥಿಗಳಿಗೆ ತಮ್ಮ ಮೇಲೆ ದೂರಿದ್ದರೆ ಆ ದೂರಿಗೆ ತಾವು ಸಹಿ ಹಾಕಬೇಕು. ಹಾಕಿ, ಅದನ್ನು ಮೇಜಿನ ಈ ತುದಿಯಿಂದ ಆ ತುದಿಗೆ ತಳ್ಳಬೇಕು. ಎದ್ದು ಹೋಗಿ ಆ ತುದಿಯಲ್ಲಿ ಕೂತು, ಬಂದ ದೂರನ್ನು ಪರಿಶೀಲಿಸಬೇಕು. ಉತ್ತರ ತಡವಾದರೆ ತಮಗೆ ತಾವೇ ಜ್ಞಾಪನಾಪತ್ರ ಕಳಿಸಬೇಕು. ಅದಕ್ಕೂ ಉತ್ತರ ಬರದಿದ್ದರೆ ತಮ್ಮ ಕೊಠಡಿಯ ಮುಂದೆ ತಾವು ಧರಣಿ ಕೂರಬಹುದು, ಆದರೆ ಅದಕ್ಕೆ ತಮ್ಮ ಅನುಮತಿ ಬೇಕು. ಒಬ್ಬ ಮನುಷ್ಯನ ಮೇಲೆ ಇಷ್ಟು ಹೊರೆ ಹೊರಿಸಿದ ಬೈಲಾವನ್ನು ಬರೆದವರಿಗೆ ತಮ್ಮ ಮೇಲೆ ಏನು ಕೋಪವಿತ್ತೋ ತಿಳಿಯದು.

ಇದು ಬರೀ ಕಾಗದದ ಮೇಲಿನ ತಮಾಷೆ ಇರಬಹುದು ಎಂದುಕೊಂಡು ಸಂಘದ ಕಾರ್ಯದರ್ಶಿಯನ್ನು ಕಂಡೆ. ದಪ್ಪ ಕನ್ನಡಕದ ಹುಡುಗ. ಕಾಲೇಜಿನಲ್ಲಿ ಎಲ್ಲರೂ ಅವನನ್ನು ‘ತಿದ್ದುಪಡಿ’ ಎಂದೇ ಕರೆಯುತ್ತಾರೆ. ಕ್ಯಾಂಟೀನಿನಲ್ಲಿ ಯಾರಾದರೂ ಎರಡು ಟೀ ಹೇಳಿದರೆ “ಒಂದು ಸಣ್ಣ ತಿದ್ದುಪಡಿ, ಒಂದಕ್ಕೆ ಸಕ್ಕರೆ ಬೇಡ” ಎನ್ನುವ ಜಾತಿ.

“ನಿಮ್ಮ ಸಂಘದ ಸಭೆ ಕೊನೇ ಸಲ ಯಾವಾಗ ನಡೀತಪ್ಪಾ?” ಎಂದು ಕೇಳಿದೆ.

“ನಾನು ಗೆದ್ದ ಮೇಲೆ ನಡೆದಿಲ್ಲ ಸಾರ್. ಅನುಮತಿ ಕೇಳಿದ್ವಿ. ಅಧ್ಯಕ್ಷರ ಶಿಫಾರಸು ಇಲ್ಲ ಅಂತ ಪ್ರಾಂಶುಪಾಲರು ವಾಪಸ್ ಕಳಿಸಿದ್ರು.”

“ಅಧ್ಯಕ್ಷರನ್ನ ಹೋಗಿ ಕೇಳಬೇಕಿತ್ತು.”

“ಕೇಳಿದ್ವಿ. ಮೊದಲು ಪ್ರಾಂಶುಪಾಲರು ಏನಂತಾರೋ ನೋಡೋಣ ಅಂದ್ರು.”

ಅವನು ನಗುತ್ತಿರಲಿಲ್ಲ. ನಕ್ಕು ನಕ್ಕು ಮುಗಿಸಿಯಾಗಿತ್ತು ಎಂದು ಕಾಣುತ್ತದೆ.

ಹೀಗಿರುವಾಗ ಅಣಕು ಸಭೆಯ ಸ್ಪರ್ಧೆ ಬಂತು. ಶಾಸನಸಭೆಯನ್ನೋ ನಗರಸಭೆಯನ್ನೋ ವಿದ್ಯಾರ್ಥಿಗಳು ಅಭಿನಯಿಸಿ ತೋರಿಸುವ ಈ ಸ್ಪರ್ಧೆ ಸಾಂಸ್ಕೃತಿಕ ಚಟುವಟಿಕೆಯ ಲೆಕ್ಕದಲ್ಲಿ ಬರುತ್ತದೆ. ಅದಕ್ಕೆ ಯಾರ ಅನುಮತಿಯೂ ಬೇಡ. ತಿದ್ದುಪಡಿಯ ತಲೆಗೆ ಆಗ ಹೊಳೆದದ್ದು ಇಷ್ಟು: ನಿಜವಾದ ಸಭೆ ನಡೆಸಲು ಬಿಡುವುದಿಲ್ಲವಾದರೆ ಅದೇ ಸಭೆಯನ್ನು ಅಣಕಿಸಿ ನಡೆಸೋಣ. ಸಂಘದ ಸದಸ್ಯರು ಸಂಘದ ಸದಸ್ಯರ ಪಾತ್ರವನ್ನು ಮಾಡಿದರು. ಕಾರ್ಯದರ್ಶಿ ಕಾರ್ಯದರ್ಶಿಯಾದ. ವೇಷಭೂಷಣದ ಚಿಂತೆಯಿಲ್ಲ, ಮಾತು ಬಾಯಿಪಾಠ ಮಾಡಬೇಕಿಲ್ಲ. ಉಳಿದದ್ದು ಪ್ರಾಂಶುಪಾಲರ ಪಾತ್ರ ಮಾತ್ರ. ಅದಕ್ಕೆ ಹುಡುಗರು ಯಾರೂ ಒಪ್ಪಲಿಲ್ಲ. ಯಾರದೋ ಚಿಕ್ಕಪ್ಪನ ಹಳೆಯ ಕೋಟು ಈ ಹುಡುಗಿಯ ಅಳತೆಗೆ ಸರಿಹೋಯಿತು. ಸಂಖ್ಯಾಶಾಸ್ತ್ರ ಓದುವ, ಹತ್ತು ಮಾತು ಕೇಳಿದರೆ ಒಂದು ಮಾತಾಡುವ ಹುಡುಗಿ. ತಮ್ಮ ಪಾತ್ರಕ್ಕೆ ಆಕೆಯ ಆಯ್ಕೆ ನಡೆದದ್ದು ಹೀಗೆ. ಇದರಲ್ಲಿ ಸಂಚು ಎಲ್ಲಿದೆ ಎಂದು ತಾವು ನೋಟಿಸಿನಲ್ಲಿ ಹೇಳಿಲ್ಲ.

ಪರದೆ ಸರಿಯಿತು. ಮೇಜಿನ ಒಂದು ಕೊನೆಯಲ್ಲಿ ಸಲಹೆಗಾರ ಅಧ್ಯಾಪಕರ ಪಾತ್ರಧಾರಿ ಕೈಕಟ್ಟಿ ಗೊರಕೆ ಹೊಡೆಯುತ್ತಿದ್ದ. ನಿಜವಾದ ಸಲಹೆಗಾರರು, ಸಸ್ಯಶಾಸ್ತ್ರದ ಅಧ್ಯಾಪಕರು, ನನ್ನ ಪಕ್ಕದಲ್ಲೇ ಕೂತಿದ್ದರು. ಒಳ್ಳೆಯ ಮನುಷ್ಯ. “ನಾನು ಹೀಗೆ ಗೊರಕೆ ಹೊಡೆಯಲ್ಲ ರೀ,” ಎಂದು ನನ್ನ ಕಿವಿಯಲ್ಲಿ ಹೇಳಿದರು. ಮತ್ತೆ ಬಗ್ಗಿ, “ಸಭೆ ನಡೆದಿದ್ರೆ ಹೊಡೀತಿದ್ನೋ ಏನೋ,” ಎಂದರು.

ವೇದಿಕೆಯ ಮೇಲೆ ತಿದ್ದುಪಡಿ ವಿಷಯ ಮಂಡಿಸಿದ. ತರಗತಿಗಳು ಮುಗಿಯುವ ಹೊತ್ತಿಗೇ ಲೈಬ್ರರಿಯ ಓದುವ ಕೋಣೆಗೂ ಬೀಗ ಬೀಳುತ್ತದೆ. ಓದಲು ಬಿಡುವಾದಾಗ ಓದುವ ಕೋಣೆ ಇರುವುದಿಲ್ಲ. ಹಿಂದಿನ ಗೇಟು ಮುಚ್ಚಿರುವುದರಿಂದ ಎದುರಿಗೇ ಕಾಣುವ ಬಸ್ ಸ್ಟಾಪಿಗೆ ಇಡೀ ಕಾಂಪೌಂಡು ಸುತ್ತಿ ಹೋಗಬೇಕು. ಪ್ರಯೋಗಾಲಯದ ಹೊರಗೆ ಸರದಿಗಾಗಿ ಕಾಯುವವರು ನೆಲದ ಮೇಲೆ ಕೂರುತ್ತಾರೆ, ಬೆಂಚುಗಳು ಗೋದಾಮಿನಲ್ಲಿ ಒಂದರ ಮೇಲೊಂದು ಕೂತಿವೆ.

ಕೋಟು ಹಾಕಿಕೊಂಡ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಳು. “ಹೀಗೆ ಮಾಡಿದ್ರೆ ಯಾರಿಗಾದ್ರೂ ತೊಂದರೆ ಇದೆಯಾ?” ಎಂದಳು.

“ಇಲ್ಲ ಸಾರ್.”

“ಮತ್ತೆ ಇಷ್ಟು ದಿನ ಯಾಕೆ ಮಾಡಿಲ್ಲ?”

“ನೀವು ಒಪ್ಪಿಲ್ಲ ಸಾರ್.”

“ನಾನಾ? ಯಾಕೆ?”

“ಅದನ್ನೇ ನಾವೂ ಕೇಳಬೇಕು ಅಂತಿದ್ವಿ ಸಾರ್.”

“ಹಾಗಾದ್ರೆ ಈಗ ಒಪ್ಪಿದೀನಿ,” ಎಂದು ಎದ್ದು, ಮೈಕಿನ ಪೀಠದತ್ತ ನಡೆದು, ಅದರ ಪಕ್ಕದ ಕೆಂಪು ಬಟನ್ ಒತ್ತಿದಳು. ಟಿಣ್ ಟಿಣ್ ಎಂದು ಗಂಟೆ ಕೇಳಿಸಿತು. ಸಭಾಂಗಣವೆಲ್ಲ ಚಪ್ಪಾಳೆ. ತಮ್ಮ ಕಾಲೇಜಿನ ಪ್ರಕಟಣೆಗಳೆಲ್ಲ ಶುರುವಾಗುವುದು ಆ ಗಂಟೆಯಿಂದಲೇ ಎಂದು ಪಕ್ಕದವರು ಹೇಳಿದರು. ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ‘ಧ್ವನಿ ಪರಿಣಾಮ’ ಎಂಬ ಅಂಕಣವಿತ್ತು; ಪೂರ್ತಿ ಅಂಕ ಕೊಟ್ಟೆ. “ಪ್ರಾಂಶುಪಾಲರ ಆದೇಶದ ಮೇರೆಗೆ ಎಲ್ಲರಿಗೂ ತಿಳಿಸುವುದೇನೆಂದರೆ” ಎಂದು ಆರಂಭಿಸಿ ಆಕೆ ಮೂರು ಆದೇಶಗಳನ್ನು ಓದಿದಳು. ಓದುವ ಕೋಣೆ ಇನ್ನು ಸಂಜೆ ಏಳರವರೆಗೆ. ಹಿಂದಿನ ಗೇಟು ತೆರೆಯತಕ್ಕದ್ದು. ಬೆಂಚುಗಳನ್ನು ಹೊರತರತಕ್ಕದ್ದು. ತಿದ್ದುಪಡಿ ಮಧ್ಯೆ ಬಾಯಿ ಹಾಕಿ, ಸಂಘದ ಕಾರ್ಯದರ್ಶಿಗೆ ದಿನಾ ನಾಲ್ಕಕ್ಕೆ ಒಂದು ಟೀ ಎಂಬ ತಿದ್ದುಪಡಿ ಸೂಚಿಸಿದ. ಆಕೆ ಅದನ್ನೂ ಓದಿ, ಬಟನ್ ಮತ್ತೆ ಒತ್ತಿ, ಕೂತಳು.

ಸಭಾಂಗಣದ ಮೈಕನ್ನು ಇಡೀ ಕಾಲೇಜಿನ ಸ್ಪೀಕರ್‌ಗಳಿಗೆ ಜೋಡಿಸುವ ಆ ಬಟನ್ ಕೆಟ್ಟು ವರ್ಷಗಳಾಗಿದ್ದವು ಎಂದು ವಿದ್ಯಾರ್ಥಿಗಳೆಲ್ಲ ತಿಳಿದಿದ್ದರು; ಗಂಟೆಯನ್ನು ಪರದೆಯ ಹಿಂದಿನಿಂದ ತಮ್ಮವರೇ ಯಾರೋ ಬಾರಿಸಿದರು ಎಂದುಕೊಂಡರು. ಪರಿಶೀಲನಾ ತಂಡ ಬರುತ್ತದೆ ಎಂದು ಅದನ್ನು ಹಿಂದಿನ ವಾರವಷ್ಟೇ ರಿಪೇರಿ ಮಾಡಿಸಿದವರು ತಾವು. ಗಂಟೆ ಸಭಾಂಗಣದಲ್ಲಿ ಮಾತ್ರ ಅಲ್ಲ, ಪ್ರತಿ ಕಾರಿಡಾರಿನಲ್ಲೂ, ಲೈಬ್ರರಿಯಲ್ಲೂ, ಗೇಟಿನ ಬಳಿಯೂ, ಕ್ಯಾಂಟೀನಿನಲ್ಲೂ ಮೊಳಗಿತು. ಆದೇಶಗಳೂ ಮೊಳಗಿದವು.

ಇನ್ನು ಮುಂದೆ ನಡೆದದ್ದು ತಮ್ಮ ಕಾಲೇಜಿನಲ್ಲಿ ಮಾತ್ರ ನಡೆಯಲು ಸಾಧ್ಯ. ತಮ್ಮಲ್ಲಿ ಆದೇಶಗಳೆಂದರೆ ಸ್ಪೀಕರ್‌ನಲ್ಲಿ ಬರುವ ಹೆಣ್ಣು ದನಿ. ಕಚೇರಿಯ ಗುಮಾಸ್ತೆಯೊಬ್ಬರು ತಮ್ಮ ಪರವಾಗಿ ಅಲ್ಲಿನ ಮೈಕಿನಲ್ಲಿ ಓದುತ್ತಾರೆ, ಉಳಿದವರು ಪಾಲಿಸುತ್ತಾರೆ. ತಾವು ಕೊಠಡಿಯಿಂದ ಹೊರಗೆ ಬರುವ ಅಗತ್ಯ ಬೀಳುವುದಿಲ್ಲ. ಅಂದೂ ಹೆಣ್ಣು ದನಿ ಬಂತು, ಪಾಲಿಸಿದರು. ಲೈಬ್ರರಿಯ ಅಟೆಂಡರ್ ನನಗೆ ಹೇಳಿದ್ದು ಇದು: “ಸ್ಪೀಕರಲ್ಲಿ ಬಂತು ಸಾರ್. ಸ್ಪೀಕರಲ್ಲಿ ಬಂದಿದ್ದಕ್ಕೆ ನಾವು ಎದುರು ಮಾತಾಡಲ್ಲ. ಮಾತಾಡಿದ್ರೂ ಅದಕ್ಕೆ ಕೇಳಿಸಲ್ಲ.” ಕಾವಲುಗಾರ ಗೇಟಿನ ಬೀಗದ ಕೈ ತನ್ನ ಗೂಡಿನ ಮೊಳೆಯಲ್ಲೇ ನೇತಾಡುತ್ತಿತ್ತು ಎಂದ. ತೆಗಿ ಅಂದರು, ತೆಗೆದ. ಕ್ಯಾಂಟೀನಿನವರು ನಾಲ್ಕಕ್ಕೆ ಟೀ ಹಿಡಿದು ಸಂಘದ ಕಚೇರಿ ಹುಡುಕಿಕೊಂಡು ಹೊರಟರು. ಸಂಘಕ್ಕೆ ಕಚೇರಿಯೇ ಇಲ್ಲವೆಂದು ಗೊತ್ತಾಗಿ ಮೆಟ್ಟಿಲ ಮೇಲೆ ಕೂತಿದ್ದ ಕಾರ್ಯದರ್ಶಿಯ ಕೈಗೇ ಕೊಟ್ಟರು. ಸಕ್ಕರೆ ಹಾಕಿದ್ದರು, ಅವನು ತಿದ್ದಲಿಲ್ಲ. ಎಂದಿನಂತೆ ಓದಬೇಕಿದ್ದ ಗುಮಾಸ್ತೆಯನ್ನು, ಅವರಿಗೆ ಅನುಮಾನ ಬರಲಿಲ್ಲವೇ ಎಂದು ಕೇಳಿದೆ. “ನನ್ನ ಬದಲು ಯಾರನ್ನೋ ಹಾಕಿದಾರೆ ಅಂದ್ಕೊಂಡೆ. ಚೆನ್ನಾಗೇ ಓದಿದ್ಲು. ನಂಗೂ ಗಂಟಲಿಗೆ ಒಂದಿನ ರಜಾ ಸಿಕ್ತಲ್ಲ,” ಎಂದರು.

ತಾವು ಅಂದು ಊರಲ್ಲಿರಲಿಲ್ಲ. ‘ಶಿಕ್ಷಣ ಸಂಸ್ಥೆಗಳಲ್ಲಿ ಶೀಘ್ರ ನಿರ್ಧಾರ’ ಎಂಬ ಕಾರ್ಯಾಗಾರಕ್ಕೆ ಹೋಗಿದ್ದಿರಿ. ಆದ್ದರಿಂದ ಅಧ್ಯಾಪಕರು ಇದನ್ನು ಕಾರ್ಯಾಗಾರದ ಪರಿಣಾಮ ಎಂದುಕೊಂಡರು. ಸಭಾಂಗಣದಲ್ಲಿದ್ದ ವಿದ್ಯಾರ್ಥಿಗಳು, ಅಣಕು ಸಭೆಯ ಸುದ್ದಿ ಫೋನಿನಲ್ಲಿ ತಲುಪಿ ಪ್ರಾಂಶುಪಾಲರ ಮನಸ್ಸು ಕರಗಿದೆ ಎಂದುಕೊಂಡರು. ಕೋಟು ಹಾಕಿದ್ದ ಹುಡುಗಿಯೂ ಹಾಗೆಯೇ ತಿಳಿದಳು. ತಾವು ಹಿಂತಿರುಗಿ ಬಂದವರು ಗೇಟು ತೆರೆದಿರುವುದನ್ನೂ ಬೆಂಚುಗಳು ಹೊರಗಿರುವುದನ್ನೂ ನೋಡಿದಿರಿ. ಹೋಗುವ ಮುನ್ನ ತಾವೇ ಹೇಳಿ ಹೋಗಿರಬೇಕು ಎಂದು ಸಿಬ್ಬಂದಿ ಅಂದರು. ಇಷ್ಟು ಒಳ್ಳೆಯ ಕೆಲಸವನ್ನು ತಾನು ಮಾಡಿಲ್ಲ ಎಂದು ಯಾವ ಅಧಿಕಾರಿ ತಾನೇ ಹಟ ಹಿಡಿಯುತ್ತಾನೆ?

ಹೀಗೆ ತಮ್ಮ ಕಾಲೇಜಿನಲ್ಲಿ ಕೆಲ ಕಾಲ ನಾಟಕದ ಸರ್ಕಾರ ನಡೆಯಿತು. ಯಾರೂ ದೂರಲಿಲ್ಲ. ಗಲಾಟೆಯಿಲ್ಲ. ಓದುವ ಕೋಣೆಯಲ್ಲಿ ಸಂಜೆಯ ಹೊತ್ತು ಕುರ್ಚಿ ಸಿಗುವುದು ಕಷ್ಟವಾಯಿತು, ಅಷ್ಟೇ. ಪರಿಶೀಲನಾ ತಂಡ ಬಂದು ಆ ದೃಶ್ಯ ನೋಡಿ ಮೆಚ್ಚಿತು. ಇದನ್ನು ಯಾರು ಯೋಚಿಸಿದ್ದು ಎಂದು ತಂಡದವರು ಕೇಳಿದಾಗ ತಾವು ತಲೆ ತಗ್ಗಿಸಿ ಮುಗುಳ್ನಕ್ಕಿರಿ ಎಂದು ಸಸ್ಯಶಾಸ್ತ್ರದವರು ಹೇಳುತ್ತಾರೆ. ಅವರಿಗೆ ಎಲೆ ಅಲ್ಲಾಡಿದರೂ ಗಮನಕ್ಕೆ ಬರುತ್ತದೆ.

ನಂತರ ಬಹುಮಾನ ವಿತರಣೆ. ವೇದಿಕೆಯ ಮೇಲೆ ತಾವು ಮಧ್ಯದಲ್ಲಿ, ನಾನು ಬಲಕ್ಕೆ. ಮೊದಲು ತಾವು ಮಾತಾಡಿದಿರಿ. “ಬಹಳ ದಿನ ಯೋಚಿಸಿ, ಎಲ್ಲ ಆಯಾಮಗಳನ್ನೂ ಪರಿಗಣಿಸಿ, ವಿದ್ಯಾರ್ಥಿಗಳ ಹಿತಕ್ಕಾಗಿ ನಾನು ಕೈಗೊಂಡ ಮೂರು ಕ್ರಮಗಳು” ಎಂದು ಓದುವ ಕೋಣೆಯನ್ನೂ ಗೇಟನ್ನೂ ಬೆಂಚನ್ನೂ ಹೆಸರಿಸಿದಿರಿ. ವಿದ್ಯಾರ್ಥಿಗಳು ಮನಸಾರೆ ಚಪ್ಪಾಳೆ ತಟ್ಟಿದರು. ಟೀ ವಿಷಯವನ್ನು ಮಾತ್ರ ತಾವು ಪ್ರಸ್ತಾಪಿಸಲಿಲ್ಲ. ಹಿಂದಿನ ಸಾಲಿನಿಂದ ಯಾರೋ ನೆನಪಿಸಿದರು.

ಆಮೇಲೆ ತೀರ್ಪುಗಾರರು ಎರಡು ಮಾತಾಡಬೇಕು ಎಂದು ನನ್ನನ್ನು ಕರೆದರು. ತಮ್ಮ ಭಾಷಣದ ಹೊತ್ತಿನಲ್ಲಿ ಅಂಕದ ಹಾಳೆಯಲ್ಲಿ ಮುಳುಗಿದ್ದ, ಅದರ ಮಾತುಗಳನ್ನು ಆಮೇಲಷ್ಟೇ ಇತರರಿಂದ ತಿಳಿದ ನಾನು, ಸಭಿಕರು ಏಕೆ ಇಷ್ಟು ಹುರುಪಿನಲ್ಲಿದ್ದಾರೆಂದು ತಿಳಿಯದೆ ಎರಡನೇ ಬಹುಮಾನಕ್ಕೆ ಕಾರಣ ವಿವರಿಸಲು ಹೊರಟೆ. “ಈ ತಂಡದ ಅಭಿನಯ ಅತ್ಯುತ್ತಮ. ಆದರೆ ಪ್ರಾಂಶುಪಾಲರ ಪಾತ್ರ ನೈಜವಾಗಿರಲಿಲ್ಲ. ವಿದ್ಯಾರ್ಥಿಗಳು ಹೇಳಿದ್ದನ್ನು ಕೂತು ಕೇಳುತ್ತಾರೆ. ಒಂದೇ ಸಲಕ್ಕೆ ಓದುವ ಕೋಣೆ ತೆರೆಸುತ್ತಾರೆ, ಹಿಂದಿನ ಗೇಟು ತೆರೆಸುತ್ತಾರೆ, ಬೆಂಚು ಹೊರಗೆ ಹಾಕಿಸುತ್ತಾರೆ. ಲೋಕದಲ್ಲಿ ಹೀಗೆ ನಡೆಯುವುದಿಲ್ಲ. ಆದ್ದರಿಂದ ಅಂಕ ಕಡಿತಗೊಳಿಸಿದೆ. ಮೊದಲ ಬಹುಮಾನ ಪಡೆದ ತಂಡದ ಸಭೆ ಕೊನೆಯವರೆಗೂ ಏನನ್ನೂ ನಿರ್ಧರಿಸದೆ ಮುಗಿಯಿತು. ಅದು ನೈಜತೆ.”

ನಲವತ್ತು ವರ್ಷ ಸಭೆಗಳಲ್ಲಿ ಕೂತವನು ನಾನು. ಅಂಥ ನಗೆಯನ್ನು ಎಂದೂ ಕೇಳಿಲ್ಲ. ಹುಡುಗರು ಬೆಂಚಿನಿಂದ ಜಾರಿದರು. ಸಸ್ಯಶಾಸ್ತ್ರದವರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು, ಭುಜ ಮಾತ್ರ ಕುಣಿಯುತ್ತಿತ್ತು. ನಾನು ಏನು ಹೇಳಿಬಿಟ್ಟೆನೆಂದು ತಿಳಿಯದೆ ತಮ್ಮತ್ತ ತಿರುಗಿ ನೋಡಿದೆ. ತಾವು ನೀರಿನ ಲೋಟ ಎತ್ತಿದ್ದಿರಿ. ಅದು ಬಾಯಿಗೂ ಹೋಗಲಿಲ್ಲ, ಮೇಜಿಗೂ ಇಳಿಯಲಿಲ್ಲ. ಮಾರನೆಯ ದಿನ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಬಟನ್ ಬಗ್ಗೆ ವಿಚಾರಿಸಿದಿರಂತೆ. ಅದರ ಮಾರನೆಯ ದಿನ ನೋಟಿಸ್.

ಈಗ ವಾದಕ್ಕೆ ಬರುತ್ತೇನೆ. ಆ ಆದೇಶಗಳು ತಮ್ಮವು ಎಂದು ಪರಿಶೀಲನಾ ತಂಡದ ಮುಂದೆ ಮುಗುಳ್ನಕ್ಕಿದ್ದೀರಿ, ತುಂಬಿದ ಸಭೆಯಲ್ಲಿ ಹೇಳಿದ್ದೀರಿ. ಹಾಗಾದರೆ ಆ ಹುಡುಗಿ ತಮ್ಮ ಆದೇಶವನ್ನು ಮೈಕಿನಲ್ಲಿ ಓದಿದ್ದಾಳೆ ಅಷ್ಟೇ. ಗುಮಾಸ್ತೆ ದಿನಾ ಮಾಡುವ ಕೆಲಸ. ಅದಕ್ಕೆ ಹಾಲ್ ಟಿಕೆಟ್ ತಡೆಹಿಡಿಯುವುದಾದರೆ ಗುಮಾಸ್ತೆಯ ಸಂಬಳವನ್ನೂ ತಡೆಹಿಡಿಯಬೇಕು. ಅಲ್ಲ, ಆದೇಶಗಳು ಆಕೆಯವು, ಅನಧಿಕೃತ ಎನ್ನುವುದಾದರೆ, ನಿನ್ನೆ ಸಂಜೆ ಆರೂವರೆಗೆ ನಾನು ಓದುವ ಕೋಣೆಯಲ್ಲಿ ಹೇಗೆ ಕೂತಿದ್ದೆ? ಒಳಗೆ ಬರುವಾಗ ಹಿಂದಿನ ಗೇಟಿನಿಂದ ಏಕೆ ಬಂದೆ? ತಮ್ಮ ಕಾರು ಕೂಡ ಈಗ ಅದೇ ಗೇಟಿನಿಂದ ಹೋಗುತ್ತದೆ ಎಂದು ಕಾವಲುಗಾರ ಹೇಳುತ್ತಾನೆ. ಅನಧಿಕೃತ ಗೇಟಿನಲ್ಲಿ ಅಧಿಕೃತ ಕಾರು ಹೇಗೆ ಹಾಯುತ್ತದೆ ಎಂಬುದನ್ನು ವಿಚಾರಣಾ ಸಮಿತಿ ಯೋಚಿಸಬೇಕು. ಆದೇಶ ಬೇಕು, ಆದೇಶ ಓದಿದವಳು ಬೇಡ. ಫಲ ಕಾಲೇಜಿಗೆ, ಶಿಕ್ಷೆ ವಿದ್ಯಾರ್ಥಿನಿಗೆ. ಕೀರ್ತಿ ತಮಗೆ.

ವಿದ್ಯಾರ್ಥಿ ಸಂಘಗಳಿಗೆ ಮೇಲ್ವಿಚಾರಣೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಸಂಘದ ಚುನಾವಣೆಯಲ್ಲಿ ಕಿಟಕಿಯ ಗಾಜು ಪುಡಿಯಾದ ಕಾಲೇಜುಗಳಿಂದ ನಾನೇ ವರದಿ ಕಳಿಸಿದ್ದೇನೆ. ಮತ ಎಣಿಸುವಾಗ ಹಿರಿಯರೊಬ್ಬರು ಇರಲಿ, ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆಯಾಗಲಿ, ಯಾರಿಗಾದರೂ ಅಪಾಯವಾಗುವಂಥ ನಿರ್ಣಯವಾದರೆ ಕಾರಣ ಬರೆದು ತಡೆಯುವ ಅಧಿಕಾರ ಕಾಲೇಜಿಗೆ ಇರಲಿ. ಇದನ್ನೆಲ್ಲ ತಿದ್ದುಪಡಿಯೂ ಒಪ್ಪುತ್ತಾನೆ, ತಿದ್ದುಪಡಿಯಿಲ್ಲದೆ. ಆದರೆ ಮೇಲ್ವಿಚಾರಣೆ ಎಂದರೆ ಮೇಲಿನಿಂದ ನೋಡುವುದು. ಆಟಗಾರನ ಜಾಗದಲ್ಲೂ ತೀರ್ಪುಗಾರನ ಜಾಗದಲ್ಲೂ ಪ್ರೇಕ್ಷಕರ ಗ್ಯಾಲರಿಯಲ್ಲೂ ಒಬ್ಬರೇ ಇದ್ದರೆ ಅದಕ್ಕೆ ಮೇಲ್ವಿಚಾರಣೆ ಎನ್ನುವುದಿಲ್ಲ, ವ್ಯಾಯಾಮ ಎನ್ನುತ್ತಾರೆ. ಸಂಘ ಒಂದೇ ಒಂದು ಸಲ, ಅದೂ ಆಟಕ್ಕೆಂದು, ಸಭೆ ಸೇರಿತು. ಆ ಒಂದು ಸಭೆಯಿಂದ ಕಾಲೇಜಿಗೆ ಆದ ಉಪಕಾರವನ್ನು ತಾವೇ ಸಾರ್ವಜನಿಕವಾಗಿ ಹೊಗಳಿದ್ದೀರಿ. ನಿಜವಾಗಿಯೇ ಸೇರಲು ಬಿಟ್ಟಿದ್ದರೆ ತಮಗೆ ಹೊಗಳಿಕೊಳ್ಳಲು ಇನ್ನೆಷ್ಟು ಸಿಗುತ್ತಿತ್ತು?

ನಿನ್ನೆ ಓದುವ ಕೋಣೆಗೆ ಹೋದದ್ದು ಆ ಹುಡುಗಿಯನ್ನು ನೋಡಲು. ಹಾಲ್ ಟಿಕೆಟ್ ಇಲ್ಲದಿದ್ದರೂ ಪುಸ್ತಕ ತೆರೆದು ಕೂತಿದ್ದಳು. ಅಟೆಂಡರ್ ಆಕೆಯನ್ನು ಈಗ “ಸಾರ್” ಎಂದೇ ಕರೆಯುತ್ತಾನೆ. “ಸಾರ್, ನಿಮ್ಮನ್ನ ನೋಡೋಕೆ ಇನ್ನೊಬ್ರು ಸಾರ್ ಬಂದಿದಾರೆ,” ಎಂದ. ಆಕೆಗೆ ನಗು ಬಂತು, ಆದರೆ ಪೂರ್ತಿ ಬರಲಿಲ್ಲ.

“ಬಟನ್ ಸರಿಯಿದೆ ಅಂತ ಗೊತ್ತಿತ್ತಾ?” ಎಂದು ಕೇಳಿದೆ.

“ಗೊತ್ತಿದ್ರೆ ಹೆದರಿ ಒತ್ತುತ್ತಾನೇ ಇರ್ಲಿಲ್ಲ ಸಾರ್. ನಂಗೆ ಪರೀಕ್ಷೆ ಬರೆಯೋಕೆ ಬಿಟ್ರೆ ಸಾಕು. ಪ್ರಾಂಶುಪಾಲರ ಕೆಲಸ ನಂಗೆ ಬೇಡ, ಸ್ವಲ್ಪ ಹೊತ್ತು ಮಾಡಿದ್ದಕ್ಕೇ ಕೋಟೊಳಗೆ ಬೆವೆತುಹೋದೆ.” ಪುಸ್ತಕದ ಪುಟ ತಿರುವಿ, “ಅಮ್ಮ ಡ್ಯೂಟಿ ಮುಗಿಸಿ ಬಂದು ದಿನಾ ಕೇಳ್ತಾರೆ, ಬಂತಾ ಅಂತ. ನಾಳೆ ಬರುತ್ತೆ ಅಂತೀನಿ. ಇನ್ನು ಎಷ್ಟು ನಾಳೆ ಉಳಿದಿದೆ ಸಾರ್?” ಎಂದಳು.

ನಾಳೆಗಳನ್ನು ಎಣಿಸುವ ಬದಲು ಕೈಪಿಡಿ ತೆರೆದೆ. ಶಿಸ್ತಿನ ನಿಯಮಗಳ ಪುಟದಲ್ಲಿ ಹೀಗಿದೆ: ‘ಆರೋಪಕ್ಕೊಳಗಾದ ವಿದ್ಯಾರ್ಥಿಯ ಪರವಾಗಿ ಮಾತನಾಡುವುದು ವಿದ್ಯಾರ್ಥಿ ಸಂಘದ ಅಧ್ಯಕ್ಷರ ಕರ್ತವ್ಯವಾಗಿರುತ್ತದೆ.’ ಮಾತನಾಡಬಹುದು ಎಂದಲ್ಲ, ಕರ್ತವ್ಯ. ಅಟೆಂಡರ್‌ಗೂ ಜೋರಾಗಿ ಓದಿ ಹೇಳಿದೆ. “ಹಾಗಾದ್ರೆ ಇವರ ವಕೀಲರು ನಮ್ಮ ಸಾಹೇಬ್ರೇನಾ?” ಎಂದು ಅವನು ಕೇಳಿದ. ಹೌದು. ದೂರು ಕೊಟ್ಟವರು ತಾವು, ವಿಚಾರಣೆಯ ಪೀಠದಲ್ಲಿ ಕೂರುವವರು ತಾವು, ಆಕೆಯ ಪರ ವಾದಿಸಬೇಕಾದವರೂ ತಾವು. ಸಂಘದ ಅಧ್ಯಕ್ಷ ಪದವಿಯನ್ನು ಇಷ್ಟು ವರ್ಷ ಯಾರಿಗೂ ಬಿಟ್ಟುಕೊಡದೆ ಕಾಪಾಡಿಕೊಂಡಿದ್ದೀರಿ. ಅದರಲ್ಲಿ ಇದೊಂದೇ ಕೆಲಸ ವಿದ್ಯಾರ್ಥಿಗಳಿಗೆ ಉಪಯೋಗಕ್ಕೆ ಬರುವಂಥದ್ದು, ಅದನ್ನು ಮಾಡಲು ಈಗ ಅವಕಾಶ ಕೂಡಿಬಂದಿದೆ.

ಆದ್ದರಿಂದ ನನ್ನ ಒತ್ತಾಯ ಇದು. ವಿಚಾರಣೆಯ ದಿನ ತಾವು ಮೊದಲು ಪೀಠದಿಂದ ಎದ್ದು, ಮೇಜು ಸುತ್ತಿ, ಆ ಹುಡುಗಿ ನಿಂತಿರುವ ಕಡೆಗೆ ಬನ್ನಿ. ಸಂಘದ ಅಧ್ಯಕ್ಷರಾಗಿ, ಆಕ್ಷೇಪಾರ್ಹವೆನ್ನುವ ಆ ಮೂರು ಕ್ರಮಗಳೂ ವಿದ್ಯಾರ್ಥಿಗಳ ಹಿತಕ್ಕಾಗಿ ಇದ್ದವೆಂದು ವಾದಿಸಿ. ತಮಗೆ ಹೊಸದಾಗಿ ತಯಾರಿ ಬೇಕಿಲ್ಲ, ಬಹುಮಾನ ವಿತರಣೆಯಲ್ಲಿ ಮಾಡಿದ ಭಾಷಣವನ್ನೇ ಮತ್ತೊಮ್ಮೆ ಮಾಡಿದರೆ ಸಾಕು. ವಾದ ಮಂಡಿಸುವುದು ತಮಗೆ ಸಾಧ್ಯವಿಲ್ಲವಾದರೆ ಅಂದೇ ಅಧ್ಯಕ್ಷ ಸ್ಥಾನ ಬಿಟ್ಟು, ಅದನ್ನು ವಿದ್ಯಾರ್ಥಿಗಳ ಮತಕ್ಕೆ ಬಿಡಿ. ಸಭೆ ಸೇರಲು ಅವರು ತಮ್ಮನ್ನು ಕೇಳುವ ನಿಯಮ ತೆಗೆಯಿರಿ. ಸಲಹೆಗಾರರನ್ನು ಸಂಘವೇ ಆರಿಸಿಕೊಳ್ಳಲಿ. ಸಸ್ಯಶಾಸ್ತ್ರದವರನ್ನೇ ಆರಿಸುತ್ತಾರೆ ಎಂದು ನನಗೆ ಅನಿಸುತ್ತದೆ, ಅವರು ಎಚ್ಚರವಾಗಿರುವ ಭರವಸೆ ಕೊಟ್ಟಿದ್ದಾರೆ. ಎರಡರಲ್ಲಿ ಯಾವುದನ್ನು ಮಾಡಿದರೂ, ಹಾಲ್ ಟಿಕೆಟ್ ಅಂದೇ ಆಕೆಯ ಕೈಗೆ ಕೊಡಿ.

ವಿಚಾರಣೆ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ, ಮೊದಲ ಮಹಡಿಯ ಸಮಿತಿ ಕೊಠಡಿಯಲ್ಲಿ ನಡೆಯಲಿದೆ. ಹಾಲ್ ಟಿಕೆಟ್ ವಿತರಣೆಯ ಕಿಟಕಿ ಶುಕ್ರವಾರ ಸಂಜೆ ಐದಕ್ಕೆ ಮುಚ್ಚುತ್ತದೆ.

ಇಂತಿ,
ತಮ್ಮ ಕಾಲೇಜು ಇನ್ನೆಂದೂ ಯಾವ ಸ್ಪರ್ಧೆಗೂ ಕರೆಯಲಾರದ
ಒಬ್ಬ ತೀರ್ಪುಗಾರ